ಒಂದು ಕೈ, ಎರಡು ಹಲ್ಲಿನ ಗಂಟು

ಟ್ಯೂನಿಸ್
ಶುಕ್ರವಾರ, ೧೮ ನವೆಂಬರ್ ೧೯೮೩

ನನ್ನ ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಮಂಡಿ ಹೇಗಿದೆ? ಇಲ್ಲೇ ಈ ವಾರ ಇಂಥ ಥಂಡಿ ಗಾಳಿ, ನಮ್ಮ ದ್ವೀಪದಲ್ಲಿ ಇನ್ನು ಹೇಗಿದೆಯೋ ಅಂತ ದಿನಾ ಅಂದ್ಕೊಳ್ತೀನಿ. ಆಲಿವ್ ಎಣ್ಣೆ ಬಿಸಿ ಮಾಡಿ ಹಚ್ಚಿಸ್ಕೊಳ್ತಿದ್ದೀಯಾ, ಇಲ್ಲ "ಎಣ್ಣೆ ಇರೋದು ರೊಟ್ಟಿಗೆ, ಮಂಡಿಗಲ್ಲ" ಅಂತ ಎಲ್ಲರನ್ನೂ ಗದರಿಸಿ ಓಡಿಸ್ತಿದ್ದೀಯಾ? ಕಣ್ಣಿಗೆ ಹನಿ ಬಿಟ್ಕೊಳ್ತಿದ್ದೀಯಾ? ಆ ಕುಂಟ ಕೋಳಿ ಇನ್ನೂ ನಿನ್ನ ಹಾಸಿಗೆ ಮೇಲೇ ಮೊಟ್ಟೆ ಇಡುತ್ತಾ? ಮೊಂಜಿಯಾ ಚಿಕ್ಕಮ್ಮಾ, ಇದನ್ನ ಓದಿ ಹೇಳ್ತಿರೋಳು ನೀನೇ ಅಂತ ಗೊತ್ತು. ನಿಧಾನವಾಗಿ ಓದು, ಗಟ್ಟಿಯಾಗಿ ಓದು, ಅಜ್ಜಿಯ ಎಡಗಿವಿ ಕಡೆ ಕೂತ್ಕೋ. ನಿನಗೆ ಹಿಡಿಸದ ಸಾಲು ಬಂದ್ರೆ ನುಂಗಿಬಿಡ್ತೀಯ, ಹೋದ ಸಲ ನಾನು ಸಿನಿಮಾಕ್ಕೆ ಹೋಗಿದ್ದನ್ನ ಪೂರ್ತಿ ನುಂಗಿಬಿಟ್ಟೆಯಂತೆ. ಈ ಸಲ ಒಂದಕ್ಷರ ನುಂಗಿದ್ರೂ ನನ್ನ ಮೇಲಾಣೆ. ಲಮ್ಜೆದ್ ಚಿಕ್ಕಪ್ಪ ಊಟ ಮುಗಿಸಿ ಚಾಪೆ ಮೇಲೆ ಒರಗಿ, ಕಿವಿ ಇತ್ತ ಇಟ್ಟು, ನಿದ್ದೆ ಬಂದವನ ಹಾಗೆ ನಟಿಸ್ತಿರ್ತಾನೆ. ಅವನಿಗೂ ನನ್ನ ಸಲಾಮು ಹೇಳು.

ಮೊದಲನೇ ಸುದ್ದಿ, ನಿನ್ನ ಪೊಟ್ಟಣ ಬಂತು! ಮಂಗಳವಾರ ಮಧ್ಯಾಹ್ನ ಸ್ಫಾಕ್ಸ್ ಬಾಡಿಗೆ ಕಾರುಗಳು ನಿಲ್ಲೋ ಜಾಗದಲ್ಲಿ ಡ್ರೈವರ್ ಅದನ್ನ ಕೈ ಚಾಚಿ ದೂರ ಹಿಡ್ಕೊಂಡು ನಿಂತಿದ್ದ. "ತಗೊಳ್ಳಮ್ಮ ತಾಯಿ, ಇದರೊಳಗಿರೋ ಹೆಣ ಯಾರದ್ದೋ ನಿನಗೇ ಗೊತ್ತು. ದಾರಿಯುದ್ದಕ್ಕೂ ಜನ ನನ್ನ ವಂಶನೆಲ್ಲ ಜಾಲಾಡಿಬಿಟ್ರು" ಅಂದ. ಒಣಗಿಸಿದ ಆಕ್ಟೋಪಸ್ ವಾಸನೆ ಅಂದ್ರೆ ನಮಗೆ ಹಸಿವು, ಊರವರಿಗೆಲ್ಲ ಸೂತಕ. ನನ್ನ ರೂಮಿನ ವಸೀಲಾ ಕೆಫ್ ಬೆಟ್ಟದ ಕಡೆಯವಳು, ಕುರಿ ಬಿಟ್ರೆ ಬೇರೆ ಪ್ರಾಣಿ ಕಂಡವಳಲ್ಲ. ಕಿಟಕಿ ತೆಗೆದು ತಲೆ ಹೊರಗೆ ಹಾಕಿ, "ಅದನ್ನ ಆಚೆ ಇಡು, ಇಲ್ಲ ನಾನು ಕೆಳಗೆ ಹಾರ್ತೀನಿ" ಅಂತ ಕೂಗಾಡಿದ್ಳು. ಸಂಜೆ ಬಾರ್ಲಿ ನುಚ್ಚಿನ ಸಾರಿಗೆ ಎರಡು ಕಾಲು ಕತ್ತರಿಸಿ ಹಾಕಿ, ಹರಿಸ್ಸಾ ಖಾರ ಬೆರೆಸಿ, ನೀನು ಹೇಳ್ಕೊಟ್ಟ ಹಾಗೆ ನಿಧಾನವಾಗಿ ಕುದಿಸಿದೆ. ಯಾರು ಎರಡನೇ ಬಟ್ಟಲು ಕೇಳಿದ್ದು ಗೊತ್ತಾ? ಅದೇ ವಸೀಲಾ. ಈಗ "ನಿಮ್ಮಜ್ಜಿ ಇನ್ನೊಂದು ಕಳಿಸಲ್ವಾ" ಅಂತ ನನ್ನ ತಲೆ ತಿಂತಿದ್ದಾಳೆ. ಆ ಪೊಟ್ಟಣದ ಬಗ್ಗೆ ಇನ್ನೊಂದು ಮಾತಿದೆ. ಅದಕ್ಕೇ ಈ ಕಾಗದ ಬರೀತಿರೋದು, ಅದಕ್ಕೇ ನನ್ನ ಅಕ್ಷರ ಹೀಗೆ ಕುಣೀತಿರೋದು. ಆದ್ರೆ ಅದು ಆಮೇಲೆ, ಸ್ವಲ್ಪ ತಡ್ಕೋ.

ನಮ್ಮ ಇತಿಹಾಸ ವಿಭಾಗ ಅಂದ್ರೆ ಏನು ಅಂತ ನೀನು ಪ್ರತಿ ಸಲ ಕೇಳ್ತೀಯ, ನಾನು ಪ್ರತಿ ಸಲ ಹೇಳ್ತೀನಿ, ನೀನು ಪ್ರತಿ ಸಲ "ಸತ್ತೋರ ಹಿಂದೆ ಬಿದ್ದಿದ್ದೀಯ, ಬದುಕಿರೋ ಒಬ್ಬ ಗಂಡಿನ ಕಡೆ ತಿರುಗಿ ನೋಡಲ್ಲ" ಅಂತ ಬೈದು ಮುಗಿಸ್ತೀಯ. ಮೂರನೇ ಮಹಡಿಯಲ್ಲಿ ಒಂದು ಉದ್ದ ಓಣಿ ಅಜ್ಜೀ, ಅಷ್ಟೇ. ಒಂದು ತುದಿಯಲ್ಲಿ ರೋಮನ್ನರ ಕಾಲದವರು, ಇನ್ನೊಂದು ತುದಿಯಲ್ಲಿ ನಮ್ಮಂಥ ನಿನ್ನೆ ಮೊನ್ನೆಯವರು, ನಡುವೆ ಇಬ್ಬರಿಗೂ ಸೇರಿ ಒಂದೇ ಕಾಫಿ ಒಲೆ. ಜಗಳವೆಲ್ಲ ಆ ಒಲೆ ಹತ್ತಿರ. ಬೆಳಿಗ್ಗೆ ಗಲ್ಲಿ ಮೂಲೆಯಲ್ಲಿ ಕಡಲೆಕಾಳಿನ ಬಿಸಿ ಲಬ್ಲಾಬಿ ಕುಡಿದು, ಸರ್ಕಾರಿ ಕಡತಗಳ ಓದುಕೋಣೆಗೆ ಹೋಗ್ತೀನಿ. ಅಲ್ಲಿ ಕೈ ಮರಗಟ್ಟುತ್ತೆ, ಕೋಟು ಬಿಚ್ಚೋ ಹಾಗಿಲ್ಲ. ಮಧ್ಯಾಹ್ನ ಬಸ್ಸಲ್ಲಿ ಜೋತಾಡ್ಕೊಂಡು ವಿಭಾಗಕ್ಕೆ. ಇತ್ತೀಚೆಗೆ ರಸ್ತೆಯೆಲ್ಲ ಅಗೆದು ಹಾಕಿದ್ದಾರೆ, ಅರ್ಧ ದಾರಿ ನಡೆದೇ ಹೋಗ್ಬೇಕು. ಉಳಿದವರದ್ದೆಲ್ಲ ದೊಡ್ಡ ದೊಡ್ಡ ವಿಷಯ, ಒಬ್ಬ ದೊರೆಗಳ ತೆರಿಗೆ, ಇನ್ನೊಬ್ಬ ಒಪ್ಪಂದ, ಮತ್ತೊಬ್ಬ ರೈಲು. ನನ್ನದು ನಮ್ಮೂರಿನ ಶರ್ಫಿಯಾ ಮೀನುಬೇಲಿ ಅಂತ ಗೊತ್ತಾದ ದಿನದಿಂದ ನನಗೆ ಆಕ್ಟೋಪಸ್ ಪಂಡಿತೆ ಅಂತ ಹೆಸರಿಟ್ಟಿದ್ದಾರೆ. ವಸೀಲಾಗಂತೂ ಅರ್ಥ ಮಾಡಿಸೋದ್ರೊಳಗೆ ಸಾಕಾಯ್ತು. ಆಳವಿಲ್ಲದ ಸಮುದ್ರದಲ್ಲಿ ಖರ್ಜೂರದ ಗರಿ ನೆಟ್ಟು ಉದ್ದಕ್ಕೆ ಬೇಲಿ ಕಟ್ತೀವಿ, ಇಳಿತದ ನೀರಿನ ಜೊತೆ ಮೀನು ಬೇಲಿಗುಂಟ ಬಂದು ಕೊನೆಯ ಬುಟ್ಟಿಗೆ ಬೀಳುತ್ತೆ, ಹೊಲದ ಹಾಗೆ ಒಂದೊಂದು ಮನೆಗೆ ಸಮುದ್ರದಲ್ಲಿ ಒಂದೊಂದು ತುಂಡು ಅಂದೆ. "ಸಮುದ್ರಕ್ಕೆ ಬೇಲಿನಾ? ಮೀನು ಮೇಯಿಸ್ತೀರಾ ನೀವು?" ಅಂತ ಹಾಸಿಗೆ ಮೇಲೆ ಬಿದ್ದು ಬಿದ್ದು ನಕ್ಕಳು.

ಅವಳ ವೈವಾ ಕಳೆದ ತಿಂಗಳಾಯ್ತು. ಅದನ್ನ ಹೇಳದೆ ಮುಂದೆ ಹೋದ್ರೆ ನನ್ನ ಹೊಟ್ಟೆ ಒಡೆದುಹೋಗುತ್ತೆ. ವೈವಾ ಅಂದ್ರೆ ನಾವು ಬರೆದಿದ್ದನ್ನ ಮೂವರು ಪ್ರೊಫೆಸರುಗಳು ಮೇಜಿನ ಹಿಂದೆ ಕೂತು, ಊರೆಲ್ಲ ನೋಡ್ತಿರೋವಾಗ ಹಿಂಜಿ ಹಾಕೋದು. ಮನೆಯವರು ಸಿಹಿ ತಟ್ಟೆಗಳನ್ನ ತಂದು ಹಿಂದಿನ ಬೆಂಚಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿರ್ತಾರೆ. ಪಾಸು ಅಂದ ಮೇಲೆ ಬಟ್ಟೆ ತೆಗೀಬೇಕು, ಆಮೇಲೆ ಲುಲುಲು ಅಂತ ಹೆಂಗಸರ ಹರ್ಷದ ಕೂಗು. ವಸೀಲಾಳ ಸೋದರತ್ತೆ ಮಕ್ರೂದ್ ಸಿಹಿಯ ತಟ್ಟೆ ತೊಡೆ ಮೇಲೆ ಇಟ್ಕೊಂಡು ಮುಂದಿನ ಸಾಲಲ್ಲೇ ಕೂತಿದ್ರು. ಪ್ರೊಫೆಸರ್ ತಾಹರ್ ಎದ್ದು ನಿಂತು, ಪುಸ್ತಕದ ಭಾಷೆಯಲ್ಲಿ, ಪ್ರಾರ್ಥನೆ ಹೇಳೋ ಹಾಗೆ ರಾಗವಾಗಿ, ಈ ಪ್ರಬಂಧದ ಎರಡನೇ ಭಾಗಕ್ಕೆ ಬುಡವೂ ಇಲ್ಲ ತುದಿಯೂ ಇಲ್ಲ ಅಂತ ಶುರು ಮಾಡಿದ್ರು. ಇಷ್ಟು ಚೆಂದದ ಮಾತು ಹೊಗಳಿಕೆ ಅಲ್ಲದೆ ಇನ್ನೇನು ಅಂತ ಅತ್ತೆ ಎದ್ದು ನಿಂತು ಗಂಟಲು ಹರಿಯೋ ಹಾಗೆ ಲುಲುಲು ಅಂದೇಬಿಟ್ರು! ಹಿಂದಿನ ಸಾಲಿನ ಹೆಂಗಸರೂ ಸೇರ್ಕೊಂಡ್ರು. ತಾಹರ್ ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮನವರ ತೀರ್ಪು ಬಂದಾಯ್ತು, ಇನ್ನು ನಮ್ಮದೇನಿದೆ" ಅಂತ ಕೂತುಬಿಟ್ರು. ವಸೀಲಾ ಪಾಸಾದಳು ಅನ್ನು. ಆದ್ರೆ ಓಣಿಯಲ್ಲಿ ಈಗ ಯಾರಾದ್ರೂ ಬೈಸಿಕೊಂಡ್ರೆ ಉಳಿದವರು ಮೆಲ್ಲಗೆ ಲುಲುಲು ಅಂತಾರೆ.

ನನ್ನ ವೈವಾ ಡಿಸೆಂಬರ್ ಹದಿನೈದಕ್ಕೆ. ಗುರುವಾರ. ಚಿಕ್ಕಪ್ಪಾ, ಕಣ್ಣು ಬಿಡು, ಈ ತಾರೀಕು ನೆನಪಿಟ್ಕೋ. ಅಜ್ಜಿಯನ್ನ ಲಾಂಚಲ್ಲಿ ಸ್ಫಾಕ್ಸಿಗೆ ತಂದು, ಅಲ್ಲಿಂದ ಕಾರಿನ ಮುಂದಿನ ಸೀಟಲ್ಲಿ ಕೂರಿಸಿ ಕರ್ಕೊಂಡು ಬರೋ ಜವಾಬ್ದಾರಿ ನಿಂದು. ಆದ್ರೆ ಆ ದಿನ ಸಿಹಿ ತಟ್ಟೆಯ ಬಟ್ಟೆ ತೆಗೀತೀವೋ, ಹಾಗೇ ವಾಪಸ್ ಹೊತ್ಕೊಂಡು ಬರ್ತೀವೋ ಅನ್ನೋದು ನನ್ನ ಮೂರನೇ ಅಧ್ಯಾಯದ ಮೇಲೆ ನಿಂತಿದೆ. ಅಜ್ಜೀ, ಇದು ನಿನಗೆ ಗೊತ್ತಿರೋ ಕಾಲವೇ. ಮೊದಲನೇ ಮಹಾಯುದ್ಧಕ್ಕೆ ನಮ್ಮ ಗಂಡಸರನ್ನ ಫ್ರಾನ್ಸಿಗೆ ಎಳ್ಕೊಂಡು ಹೋದ ವರ್ಷಗಳು. ನಿನ್ನ ಇಬ್ಬರು ಅಣ್ಣಂದಿರೂ ಹೋದ್ರಲ್ಲ. ಇದುವರೆಗೆ ಬರೆದವರೆಲ್ಲ ಒಂದೇ ಮಾತು ಬರೆದಿದ್ದಾರೆ. ಗಂಡಸರಿರಲಿಲ್ಲ, ಬೇಲಿ ಕಟ್ಟೋರಿರಲಿಲ್ಲ, ಆ ವರ್ಷಗಳಲ್ಲಿ ನಮ್ಮ ದ್ವೀಪದ ಕ್ರಾತೆನ್ ಕಡೆಯ ಸಮುದ್ರ ಬೀಳುಬಿತ್ತು, ಮುಗೀತು. ನಾನು ಕೇಳೋದು ಒಂದೇ ಪ್ರಶ್ನೆ, ಹಾಗಾದ್ರೆ ಆ ಮನೆಗಳು ತಿಂದಿದ್ದೇನು? ಮಳೆ ಕೈಕೊಟ್ಟ ವರ್ಷಗಳು, ಹಡಗು ಬರ್ತಿರಲಿಲ್ಲ, ಆದ್ರೂ ಮಕ್ಕಳು ಬದುಕಿದ್ವು, ದೊಡ್ಡವಾದ್ವು, ನಮ್ಮನ್ನೆಲ್ಲ ಹೆತ್ವು. ಯಾರೋ ಬೇಲಿ ಕಟ್ಟಿದ್ದಾರೆ. ಗಂಡಸರಿಲ್ಲ ಅಂದ ಮೇಲೆ ಹೆಂಗಸರೇ ಕಟ್ಟಿದ್ದಾರೆ. ಹಾಗಂತ ಬರೆದೆ. ತಾಹರ್ ಅದನ್ನ ಓದಿ, "ಊಹೆ ಸೊಗಸಾಗಿದೆ ಮಗಳೇ. ಆದ್ರೆ ಊಹೆಗೆ ನಾವು ಪದವಿ ಕೊಡಲ್ಲ. ನೀರಲ್ಲಿ ನಿಂತ ಒಬ್ಬಳ ಹೆಸರು ಹೇಳು" ಅಂದ್ರು. ನನ್ನ ಗೈಡ್ ನಝೀಹಾ ಮೇಡಂ ನನ್ನ ಪರ ಜಗಳ ಆಡಿದ್ರು, ಆದ್ರೆ ಕೊನೆಗೆ ಅವರೂ "ಒಬ್ಬ ಸಾಕ್ಷಿನೂ ಸಿಗಲಿಲ್ಲ ಅಂದ್ರೆ ಆ ಅಧ್ಯಾಯ ತೆಗೆದುಬಿಡೋಣ, ದೊರ್ಸಾಫ್" ಅಂದ್ರು. ತೆಗೆದ್ರೆ ಉಳಿಯೋದು ಏನು? ಬೇರೆಯವರು ಆಗಲೇ ಬರೆದಿದ್ದನ್ನ ನನ್ನ ಅಕ್ಷರದಲ್ಲಿ ಮತ್ತೆ ಬರೆದ ಹಾಗೆ. ಮೂರು ವರ್ಷ ಅದಕ್ಕಾ ನಾನು ಈ ಥಂಡಿಯಲ್ಲಿ ಕೂತಿದ್ದು?

ಅದಕ್ಕೇ ಬೇಸಿಗೆಯಲ್ಲಿ ನಿನ್ನ ತವರು ಕ್ರಾತೆನ್‌ಗೆ ಹೋಗಿ ನಿನ್ನ ವಾರಿಗೆಯ ಶೆಲ್ಬಿಯಾ ಅಜ್ಜಿಯನ್ನ ಕಂಡೆ. ಆಕೆ ಈರುಳ್ಳಿ ಜಡೆ ಹೆಣೆದು ಕಟ್ಟಿ ಗೋಡೆಗೆ ನೇತುಹಾಕ್ತಾ ಕೂತಿದ್ರು. ನನ್ನ ಪ್ರಶ್ನೆ ಕೇಳಿ ಕೈಲಿದ್ದ ಜಡೆ ಪೂರ್ತಿ ಹೆಣೆದು ಮುಗಿಸಿದ್ರು. ಆಮೇಲೆ "ಆಗ ಗಂಡಸರಿಲ್ಲದ ಮನೆಗಳು ಏನು ತಿಂದ್ವು ಅಂತ ಇದುವರೆಗೂ ಒಬ್ಬರೂ ಕೇಳಿರಲಿಲ್ಲ, ನೋಡು" ಅಂದ್ರು. ಮುಂದೆ ಹೇಳಿ ಅಂದೆ. "ನಾಲಿಗೆ ಮೇಲೆ ಆಣೆ ಇದೆ ಮಗಳೇ, ದರ್ಗಾದ ಬಾಗಿಲು ಮುಟ್ಟಿ ಹಾಕಿದ ಆಣೆ. ಬಸ್ಸಿಗೆ ಹೊತ್ತಾಯ್ತು, ಹೊರಡು" ಅಂತ ಒಂದಿಷ್ಟು ಈರುಳ್ಳಿ ಹಗ್ಗದಲ್ಲಿ ಕಟ್ಟಿ ಕೈಗಿಟ್ಟು ಕಳಿಸಿಬಿಟ್ರು. ನಾನು ಹೊಸಿಲು ದಾಟೋವಾಗ ಕರೆದು, "ಹಲ್ಲೂಮಾ ಮೊಮ್ಮಗಳಲ್ವಾ ನೀನು? ಅವಳ ಮಂಡಿ ಹೇಗಿದೆ?" ಅಂತ ಕೇಳಿ ತಮ್ಮಷ್ಟಕ್ಕೆ ತಾವೇ ನಕ್ಕರು. ಮನೆಗೆ ಬಂದು ನಿನ್ನನ್ನ ಕೇಳಿದೆ. "ಸಮುದ್ರಾನಾ? ಪಾದ ಮುಳುಗುವಷ್ಟು ನೀರಿಗೆ ಇಳಿದ್ರೂ ನನಗೆ ತಲೆ ಸುತ್ತುತ್ತೆ. ನನ್ನ ಜನ್ಮದಲ್ಲಿ ಅದರ ತಂಟೆಗೆ ಹೋಗಿಲ್ಲ" ಅಂತ ಹೇಳಿ ಕೋಳಿಗೆ ಕಾಳು ಹಾಕೋಕೆ ಎದ್ದು ಹೋದೆ. ಆಗ ತಾನೇ ಕಾಳು ಹಾಕಿ ಬಂದಿದ್ದೆ ನೀನು.

ಚಿಕ್ಕಪ್ಪನಾದ್ರೂ ಒಂದಿಷ್ಟು ಕಲಿಸಿದ. ಸೆಪ್ಟೆಂಬರಿನಲ್ಲಿ ಬೇಲಿ ನೆಡೋವಾಗ ನನ್ನನ್ನ ಸೊಂಟಮಟ್ಟದ ನೀರಿಗೆ ಇಳಿಸಿದ. ಒಂದು ಕೈಯಲ್ಲಿ ಗರಿ ಹಿಡ್ಕೊಂಡಿರ್ಬೇಕು, ಬಿಟ್ರೆ ಸೆಳೆತ ಎಳ್ಕೊಂಡು ಹೋಗುತ್ತೆ. ಉಳಿಯೋದು ಒಂದು ಕೈ, ಅದಕ್ಕೆ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನ ಹಲ್ಲಲ್ಲಿ ಕಚ್ಚಿ ಎಳೀಬೇಕು. ಆ ಗಂಟು ನೀರಲ್ಲಿ ನೆಂದಷ್ಟೂ ಬಿಗಿಯಾಗುತ್ತೆ. ನಾನು ಹಾಕಿದ್ದು ಒಂದೂ ನಿಲ್ಲಲಿಲ್ಲ, ಬಾಯಲ್ಲಿ ಹಗ್ಗದ ಸಿಬಿರು ಮತ್ತು ಉಪ್ಪು ನೀರು ಬಿಟ್ರೆ ಏನೂ ಸಿಗಲಿಲ್ಲ. ಚಿಕ್ಕಪ್ಪ ಬೇಲಿಗೆ ಒರಗಿ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕು, "ಬಿಡು ಪಂಡಿತೆ, ಇದು ಗಂಡಸರ ಗಂಟು. ಚಳಿಗಾಲಗಟ್ಟಲೆ ನೀರಲ್ಲಿ ನಿಂತೋರಿಗೆ ಮಾತ್ರ ಬರುತ್ತೆ. ಒಣ ನೆಲದ ಮೇಲೆ ಎರಡು ಕೈ ಖಾಲಿ ಇರೋವಾಗ ಯಾರು ಹಲ್ಲು ಹಾಕ್ತಾರೆ?" ಅಂದ. ನಗು ಚಿಕ್ಕಪ್ಪಾ, ನಗು. ನೀನು ಕೊಟ್ಟ ಆ ಗಂಟಿನ ತುಂಡು ಈಗಲೂ ನನ್ನ ಮೇಜಿನ ಮೇಲಿದೆ.

ಇಲ್ಲಿಗೆ ಮನೆಮಂದಿಯ ಕಾಗದ ಮುಗೀತು. ಚಿಕ್ಕಮ್ಮಾ, ಇಲ್ಲಿ ನಿಲ್ಲಿಸು. ಚಿಕ್ಕಪ್ಪನಿಗೆ ಕಾಫಿ ಕೊಟ್ಟು ಇಸ್ಪೀಟಿಗೆ ಕಳಿಸು. ಹೋಗು ಚಿಕ್ಕಪ್ಪಾ, ಮುಂದೆ ಇರೋದು ಹೆಂಗಸರ ವಿಷಯ, ನಿನಗೆ ಬೇಜಾರು. ಅವನು ಗೇಟು ಹಾಕಿದ ಸದ್ದು ಕೇಳಿದ ಮೇಲೆ ನೀನು ಒಳಗಿನ ಕೋಣೆ ಬಾಗಿಲು ಹಾಕ್ಕೊಂಡು ಬಂದು ಕೂತ್ಕೋ. ಇನ್ನು ಮೇಲೆ ಗಟ್ಟಿಯಾಗಿ ಓದಬೇಡ, ಅಜ್ಜಿಯ ಕಿವಿಯಲ್ಲೇ ಓದು. ಓದಿದ್ದು ಆ ಗೋಡೆ ದಾಟಬಾರದು. ನಿನ್ನನ್ನ ನಂಬಿದ್ದೀನಿ.

ಅಜ್ಜೀ, ಈಗ ನಾವೇ. ಮಂಗಳವಾರ ಪೊಟ್ಟಣ ತಂದು ಮೇಜಿನ ಮೇಲಿಟ್ಟು ಕತ್ತರಿ ತಗೊಂಡೆ. ಗೋಣಿಬಟ್ಟೆ ಮೇಲೆ ಹುಲ್ಲಿನ ಹಗ್ಗ, ಹಗ್ಗಕ್ಕೆ ಒಂದು ಗಂಟು. ಕತ್ತರಿ ಬಾಯಿ ತೆಗೆದವಳು ಹಾಗೇ ನಿಂತುಬಿಟ್ಟೆ. ಪಕ್ಕದಲ್ಲೇ ಚಿಕ್ಕಪ್ಪನ ಗಂಟು ಇತ್ತಲ್ಲ! ಅದೇ ಸುತ್ತು, ಅದೇ ಬಿಗಿ, ಹಗ್ಗದ ಒಂದು ತುದಿ ಹಿಸುಕಿದ ಹಾಗೆ ಚಪ್ಪಟೆ. ಹಲ್ಲಿಂದ ಕಚ್ಚಿ ಎಳೆದದ್ದು! ನಿನ್ನ ಬಾಯಲ್ಲಿ ಉಳಿದಿರೋ ಆ ಎರಡು ಹಲ್ಲು! ಚಿಕ್ಕಂದಿನಿಂದ ನೋಡಿದ್ದೀನಿ ನಾನು. ನೀನು ಈರುಳ್ಳಿ ಕಟ್ಟೋದೂ ಹಾಗೇ, ಹಿಟ್ಟಿನ ಚೀಲ ಕಟ್ಟೋದೂ ಹಾಗೇ. ಒಂದು ಕೈಯಲ್ಲಿ ಚೀಲದ ಕತ್ತು ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಸುತ್ತಿ, ಬಾಯಿ ಹಾಕಿ ಎಳೀತೀಯ. ನಾನು ದಾರ ಹಲ್ಲಲ್ಲಿ ಕಡಿದ್ರೆ ಬೆನ್ನಿಗೆ ಗುದ್ದಿ, ತಾನು ಮಾತ್ರ ಹಗ್ಗ ಕಚ್ತಾಳೆ ಅಂತ ನಾವು ಮೊಮ್ಮಕ್ಕಳು ನಗ್ತಿದ್ವಿ. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು, ಕಾಣಲಿಲ್ಲ. ಕುರುಡಿ ನಾನು! ಇನ್ನೂ ಕೇಳು. ಚಿಕ್ಕಪ್ಪನ ಗಂಟಿನ ಕೊನೆ ಬಲಕ್ಕೆ ಇಳಿಯುತ್ತೆ, ಅದು ತಾತನ ಮನೆ ಪದ್ಧತಿ. ನಿಂದು ಎಡಕ್ಕೆ ಇಳಿಯುತ್ತೆ. ಹಾಗಾದ್ರೆ ಗಂಡನ ಮನೆಯಲ್ಲಿ ಕಲಿತಿದ್ದಲ್ಲ. ಎಡಕ್ಕೆ ಇಳಿದದ್ದನ್ನ ಇನ್ನೆಲ್ಲಿ ನೋಡಿದೆ ನಾನು ಅಂತ ಯೋಚನೆ ಮಾಡಿ ಮಾಡಿ, ಥಟ್ಟನೆ ಹೊಳೆದು ಕಪಾಟು ತೆಗೆದೆ. ಶೆಲ್ಬಿಯಾ ಅಜ್ಜಿ ಕೊಟ್ಟ ಈರುಳ್ಳಿ ಯಾವಾಗಲೋ ತಿಂದಾಗಿತ್ತು, ಆದ್ರೆ ಕಟ್ಟಿದ್ದ ಹಗ್ಗವನ್ನ ಗಂಟು ಸಮೇತ ನಾನು ಪುಸ್ತಕಗಳಿಗೆ ಸುತ್ತಿಟ್ಟಿದ್ದೆ. ಅದೂ ಎಡಕ್ಕೆ! ಇಬ್ಬರು ಮುದುಕಿಯರು, ಎರಡು ಊರು, ಒಂದೇ ಕ್ರಾತೆನ್ ಗಂಟು. ಅದೂ ಸಮುದ್ರದಲ್ಲಿ ನಿಂತೋರಿಗೆ ಮಾತ್ರ ಬರೋ ಗಂಟು, ಪಾದ ಮುಳುಗಿದ್ರೆ ತಲೆ ಸುತ್ತೋರಿಗಲ್ಲ!

ವಸೀಲಾ ಬಂದು ನೋಡ್ತಾಳೆ, ನಾನು ರೂಮಿನ ನಡುವೆ ಒಬ್ಬಳೇ ಕುಣೀತಿದ್ದೀನಿ. ಹುಚ್ಚು ಹಿಡೀತು ಇವಳಿಗೆ ಅಂದ್ಲು. ಗೋಣಿಯನ್ನ ಪಕ್ಕದಿಂದ ಸೀಳಿ ಆಕ್ಟೋಪಸ್ ಆಚೆ ತೆಗೆದು, ಗಂಟು ಬಿಚ್ಚದೆ ಹಾಗೇ, ಉಳಿದೆರಡು ಗಂಟುಗಳ ಜೊತೆ ಎದೆಗವಚಿಕೊಂಡು ವಿಭಾಗಕ್ಕೆ ಓಡಿದೆ. ಬಸ್ಸಲ್ಲಿ ಜನ ನನಗೆ ಜಾಗ ಬಿಟ್ಟು ದೂರ ಸರಿದ್ರು, ಅಷ್ಟು ಒಳ್ಳೇ ಪ್ರಯಾಣ ನಾನು ಇದುವರೆಗೆ ಮಾಡಿಲ್ಲ. ನಝೀಹಾ ಮೇಡಂ ಮೂಗಿಗೆ ಕರವಸ್ತ್ರ ಹಿಡ್ಕೊಂಡು ಮೂರೂ ಗಂಟುಗಳನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು. ಸುಮ್ಮನೆ ಒಪ್ಪೋರಲ್ಲ ಅವರು. ಅಣ್ಣಂದಿರು ಕಟ್ಟೋದನ್ನ ಮಗು ದಡದಲ್ಲಿ ಕೂತು ನೋಡಿ ಕಲಿತಿರಬಹುದಲ್ವಾ ಅಂದ್ರು. ನಾನು ಮೂವತ್ತು ಸಲ ಹತ್ತಿರದಿಂದಲೇ ನೋಡಿದ್ದೀನಿ ಮೇಡಂ, ನನಗೆ ಬಂತಾ ಅಂದೆ. ಒಂದು ಹಗ್ಗ ಕೊಟ್ಟು ನೀವೇ ಕಟ್ಟಿ ನೋಡಿ ಅಂದೆ. ಆ ದೊಡ್ಡ ಹೆಂಗಸು ಕುರ್ಚಿಯ ಕಾಲು ಹಿಡ್ಕೊಂಡು, ಹಗ್ಗ ಕಚ್ಚಿ, ಅರ್ಧ ಗಂಟೆ ಒದ್ದಾಡಿದ್ರು. ಅಷ್ಟರಲ್ಲಿ ಬಾಗಿಲಲ್ಲಿ ತಾಹರ್ ಬಂದು ನಿಂತು, "ನಝೀಹಾ, ಸಂಬಳ ಬರಲಿಲ್ವಾ?" ಅಂದ್ರು. ನಮಗೆ ನಗು ತಡೆಯೋಕಾಗಲಿಲ್ಲ. ಆದ್ರೆ ಅವರು ಹೋದ ಮೇಲೆ ಮೇಡಂ ಹಗ್ಗ ಕೆಳಗಿಟ್ಟು ಗಂಭೀರವಾಗಿ ಹೇಳಿದ್ರು. "ನಾನು ನಂಬ್ತೀನಿ. ಆದ್ರೆ ಇದು ನಿನ್ನ ಗಂಟಲ್ಲ, ಅವರದ್ದು. ನಿನ್ನ ಅಜ್ಜಿ ಒಪ್ಪಿದ್ರೆ ಹೆಸರು ಹಾಕಿ ಬರಿ, ತಾಹರ್ ಬಾಯಿ ತೆಗೆಯಲ್ಲ. ಒಪ್ಪದೆ ಇದ್ರೆ ಅಧ್ಯಾಯ ಹೋಗಲಿ. ಕೇಳದೆ ಬರೆದ್ರೆ ನೀನು ನನ್ನ ವಿದ್ಯಾರ್ಥಿನಿ ಅಲ್ಲ."

ಅದಕ್ಕೇ ಕೇಳ್ತಿದ್ದೀನಿ ಅಜ್ಜೀ. ಆಗ ನಿನಗೆ ಹದಿಮೂರೋ ಹದಿನಾಲ್ಕೋ. ಅಪ್ಪ ಇಲ್ಲ, ಅಣ್ಣಂದಿರು ಫ್ರಾನ್ಸಿನಲ್ಲಿ, ಮನೆಯಲ್ಲಿ ತಾಯಿ ಮತ್ತು ಚಿಕ್ಕ ಮಕ್ಕಳು. ನೀನು, ಶೆಲ್ಬಿಯಾ, ಇನ್ನೂ ಯಾರು ಯಾರೋ ಹುಡುಗಿಯರು, ಬೆಳಕು ಹರಿಯೋಕೆ ಮುಂಚೆ, ಬಹುಶಃ ಅಣ್ಣಂದಿರ ಪೈಜಾಮ ಹಾಕ್ಕೊಂಡು, ಆ ಥಂಡಿ ನೀರಿಗೆ ಇಳಿದಿರಿ ಅಂತ ನಾನು ಅಂದ್ಕೊಂಡಿದ್ದೀನಿ. ಊರಿಗೆ ಗೊತ್ತಾದ್ರೆ ಇಂಥ ಹುಡುಗಿಯರನ್ನ ಯಾರು ಮದುವೆ ಆಗ್ತಾರೆ ಅಂತ ದರ್ಗಾದ ಬಾಗಿಲು ಮುಟ್ಟಿ ಎಲ್ಲರೂ ಆಣೆ ಹಾಕ್ಕೊಂಡ್ರಿ. ಎಷ್ಟು ಸರಿ, ಎಷ್ಟು ತಪ್ಪು, ನಿನಗೇ ಗೊತ್ತು. ಅದಕ್ಕೇ ಅಲ್ವಾ ಬೇಸಿಗೆಯಲ್ಲಿ ನನ್ನ ಪ್ರಶ್ನೆ ಬಿಟ್ಟು ಕೋಳಿ ಹತ್ತಿರ ಹೋದದ್ದು? ಮೊದಲು ನನಗೆ ನಿನ್ನ ಮೇಲೆ ಸಿಟ್ಟು ಬಂತು. ನಾನು ಊರೂರು ಸುತ್ತಿ ಹುಡುಕ್ತಿದ್ದೋಳು ನಮ್ಮನೆಯಲ್ಲೇ ಬೀನ್ಸ್ ಬಿಡಿಸ್ತಾ ಕೂತಿದ್ಳಲ್ಲ ಅಂತ. ಆಮೇಲೆ ನಿನ್ನ ಮಂಡಿ ನೆನಪಾಗಿ ಅಳು ಬಂತು. ವಯಸ್ಸಾಯ್ತು, ಅದಕ್ಕೇ ನೋವು ಅಂತ ನಾವೆಲ್ಲ ಎಣ್ಣೆ ತಿಕ್ತಿದ್ವಿ. ನಿನ್ನ ಮಂಡಿ ಯಾವಾಗಿಂದ ನೋಯ್ತಿದೆ ಅಂತ ಇಡೀ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಅಂದ್ರೆ, ದಾರಿಯಲ್ಲಿ ಹೋಗೋರನ್ನೆಲ್ಲ ನಿಲ್ಲಿಸಿ ನಮ್ಮಜ್ಜಿ ಯಾರು ಗೊತ್ತಾ ಅಂತ ಹೇಳಬೇಕು ಅನ್ಸುತ್ತೆ. ಹೇಳಿಲ್ಲ. ಮೇಡಂ ಬಿಟ್ರೆ ಯಾರಿಗೂ ಹೇಳಿಲ್ಲ.

ಸುಳ್ಳು ಹೇಳಲ್ಲ, ಬರೆದ್ರೆ ಗುಟ್ಟು ಉಳಿಯಲ್ಲ. ವೈವಾ ಹಾಲಿನಲ್ಲಿ ನಿನ್ನ ಹೆಸರು ಗಟ್ಟಿಯಾಗಿ ಓದ್ತಾರೆ. ಚಿಕ್ಕಪ್ಪನಿಗೆ ಗೊತ್ತಾಗುತ್ತೆ, ಒಂದು ದಿನ ಕ್ರಾತೆನ್‌ಗೂ ಗೊತ್ತಾಗುತ್ತೆ. ಮದುವೆ ಆಗಬೇಕಾದ ಹುಡುಗಿಯರು ಈಗ ಯಾರೂ ಇಲ್ಲ, ಎಲ್ಲರೂ ಮುತ್ತಜ್ಜಿಯರು. ಆದ್ರೂ ಆಣೆ ಆಣೆಯೇ. ಅದನ್ನ ಮುರಿ ಅಂತ ನಾನು ಹೇಗೆ ಕೇಳಲಿ? ಟೈಪು ಮಾಡೋ ಹೆಂಗಸು ಈ ತಿಂಗಳ ಕೊನೆಗೆ ಮೂರನೇ ಅಧ್ಯಾಯ ಬೇಕು ಅಂತಿದ್ದಾಳೆ. ನಿನ್ನ ಬಾಯಿಂದ ಹೂಂ ಬರದೆ ಒಂದು ಅಕ್ಷರ ಕೊಡಲ್ಲ. ನೀನು ಬೇಡ ಅಂದ್ರೆ ನನಗೆ ಬೇಜಾರಾಗುತ್ತೆ, ಆಗಲ್ಲ ಅಂತ ನಾಟಕ ಮಾಡಲ್ಲ, ಆದ್ರೆ ನಿನ್ನ ಮೇಲಿನ ಪ್ರೀತಿ ಕೂದಲೆಳೆಯಷ್ಟೂ ಕಮ್ಮಿ ಆಗಲ್ಲ. ವೈವಾಕ್ಕೆ ಏನೇ ಆದ್ರೂ ಬಾ. ಮುಂದಿನ ಸಾಲಲ್ಲಿ ಕೂತ್ಕೋ, ತಾಹರ್ ರಾಗ ಎಳೆದಾಗ ಮಾತ್ರ ಸುಮ್ಮನಿರು.

ದೇವರು ನಿನ್ನನ್ನ ನಮ್ಮೆಲ್ಲರ ತಲೆ ಮೇಲೆ ನೆರಳಾಗಿ ಇಟ್ಟಿರಲಿ. ನಿನ್ನ ಎರಡೂ ಕೈಗೆ ಮುತ್ತು, ಮಂಡಿಗೂ ಒಂದೊಂದು. ಮೊಂಜಿಯಾ ಚಿಕ್ಕಮ್ಮನಿಗೆ ಒಂದು ಅಪ್ಪುಗೆ, ಬಾಗಿಲು ಹಾಕ್ಕೊಂಡಿದ್ದಕ್ಕೆ ಇನ್ನೊಂದು. ಕುಂಟ ಕೋಳಿಗೂ ಕೇಳಿದೆ ಅಂತ ಹೇಳು.

ನಿನ್ನ ಮೊಮ್ಮಗಳು
ದೊರ್ಸಾಫ್

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಹರಿದೆ. ವಸೀಲಾ ಪೋಸ್ಟಿಗೆ ಹೊರಟು ಬಾಗಿಲಲ್ಲಿ ನಿಂತು ಬೈತಿದ್ದಾಳೆ, ಬೇಗ ಬೇಗ ಬರೀತೀನಿ. ಅಜ್ಜೀ, ನಿನ್ನ ಬಾಯಿಂದ ಹೂಂ ಬರಬೇಕು ಅಂತ ಮೇಲೆ ಬರೆದೆನಲ್ಲ, ಅದನ್ನ ಬಿಟ್ಟುಬಿಡು, ಬೇಡ. ಆಣೆ ಹಾಕಿದ್ದು ನಾಲಿಗೆ ಮೇಲೆ ಅಂತ ಶೆಲ್ಬಿಯಾ ಅಜ್ಜಿಯೇ ಹೇಳಿದ್ರು, ಕೈ ಮೇಲೆ ಅಲ್ಲ. ನೀನು ಏನೂ ಹೇಳಬೇಡ, ಯಾರ ಕೈಲೂ ಏನೂ ಬರೆಸಬೇಡ. ಸ್ಫಾಕ್ಸ್ ಡ್ರೈವರ್ ಕೈಲಿ ಇನ್ನೊಂದು ಪೊಟ್ಟಣ ಕಳಿಸು, ಎಷ್ಟು ಬೈದ್ರೂ ತರ್ತಾನೆ. ಬರೆಯೋದು ಬೇಡ ಅನ್ನಿಸಿದ್ರೆ ಹಗ್ಗ ಚಿಕ್ಕಪ್ಪನ ಕೈಲಿ ಕಟ್ಟಿಸು, ಅವನದ್ದು ಬಲಕ್ಕೆ ಇಳಿಯುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ, ಮತ್ತೆ ಯಾವತ್ತೂ ಕೇಳಲ್ಲ. ಬರೀಲಿ ಅನ್ನಿಸಿದ್ರೆ ನೀನೇ ಕಟ್ಟು. ಒಳಗೆ ಏನೂ ಇಡದೆ ಇದ್ರೂ ಪರವಾಗಿಲ್ಲ ಅಜ್ಜೀ, ಗಂಟು ಮಾತ್ರ ನೀನು ಹಾಕು.